ಹಂದಿಗೆ ತಕ್ಕ ಬಂದೂಕು

ಆಯುಧವನ್ನು ಪ್ರಯೋಗಿಸುವ ಸುಖಕ್ಕಿಂತ ಅದನ್ನು ಕುರಿತು ವಾದಿಸುವ ಸುಖವೇ ದೊಡ್ಡದೆಂಬುದಕ್ಕೆ ನಮ್ಮ ಪುರಾಣಗಳಲ್ಲಿಯೇ ಒಳ್ಳೆಯ ಸಾಕ್ಷ್ಯವುಂಟು. ಇಂದ್ರಕೀಲದಲ್ಲಿ ತಪಸ್ಸಿಗೆ ನಿಂತ ಅರ್ಜುನನ ಮೇಲೆ ವರಾಹರೂಪದಿಂದ ನುಗ್ಗಿಬಂದ ಮೂಕಾಸುರನು, ಎರಡು ಕಡೆಯಿಂದ ಏಕಕಾಲದಲ್ಲಿ ಬಂದು ನಾಟಿದ ಎರಡು ಬಾಣಗಳಿಂದ ಸತ್ತುಬಿದ್ದ ಮೇಲೆ, ಕಿರಾತವೇಷದ ಶಿವನೂ ಗಾಂಡೀವಧಾರಿಯಾದ ಪಾರ್ಥನೂ ಸತ್ತ ಹಂದಿಯನ್ನು ಅಲ್ಲಿಯೇ ಮರೆತು, ಅದನ್ನು ಕೊಂದದ್ದು ಯಾರ ಬಾಣವೆಂಬ ಪ್ರಶ್ನೆಯನ್ನು ಹಿಡಿದು ಮಾತಿಗೆ ಮಾತು ಬೆಳೆಸಿ, ಕಡೆಗೆ ಮಲ್ಲಯುದ್ಧದವರೆಗೆ ಹೋದರು. ಬೇಟೆಗಾರರು ನಾಲ್ವರು ಕೂಡಿದಲ್ಲಿ ಇಂದಿಗೂ ನಡೆಯುವುದು ಅದೇ ವಾದ. ವ್ಯತ್ಯಾಸವಿಷ್ಟೆ, ವಾದದ ಕೊನೆಯಲ್ಲಿ ಪಾಶುಪತಾಸ್ತ್ರ ಈಗ ಯಾರಿಗೂ ದೊರೆಯುವುದಿಲ್ಲ.

ನಾನು ಬೇಟೆಗಾರನಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ಮುದುಕನಾದವನು. ಆದರೆ ಹಂದಿ ಬೀಳುವ ಹೊಲಗಳ ನಡುವೆ ಬಾಳಿದವನಿಗೆ ಹಂದಿಯ ವಿಚಾರ ತಿಳಿಯದಿರಲು ಸಾಧ್ಯವಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ನೆಲಸಿರುವ ನನ್ನ ಸೋದರಳಿಯನೊಬ್ಬನು ಈಚೆಗೆ ಅಲ್ಲಿಯ ಗೆಳೆಯರೊಡನೆ ಹಂದಿ ಬೇಟೆಗೆ ಹೋಗತೊಡಗಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದ ಸಾಕುಹಂದಿಗಳು ಅಡವಿ ಸೇರಿ, ಆಮೇಲೆ ಬೇಟೆಗೆಂದೇ ತಂದುಬಿಟ್ಟ ಯುರೋಪಿನ ಕಾಡುಹಂದಿಗಳೊಡನೆ ಬೆರೆತು, ಆ ಸೀಮೆಯಲ್ಲಿ ಅವು ಅಸಂಖ್ಯಾತವಾಗಿ ಹಬ್ಬಿವೆ. 2011ರಲ್ಲಿ ಅಲ್ಲಿಯ ಶಾಸನಸಭೆ ಹೆಲಿಕಾಪ್ಟರಿನಲ್ಲಿ ಕುಳಿತು ಹಂದಿ ಹೊಡೆಯುವುದಕ್ಕೂ ಅನುಮತಿ ಕೊಟ್ಟಿತು, 2019ರಿಂದ ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆಯೊಂದಿದ್ದರೆ ಬೇಟೆಯ ಪರವಾನಗಿಯೂ ಬೇಕಿಲ್ಲ. ಇಂಥ ರಾಜ್ಯದಲ್ಲಿರುವವನು ನನಗೆ ಫೋನು ಮಾಡಿ, ತಾನು ಕೊಳ್ಳಬೇಕೆಂದಿರುವ ನಾಲ್ಕಾರು ರೈಫಲುಗಳ ಗುಣದೋಷಗಳನ್ನು ಒಂದು ಗಂಟೆಯ ಕಾಲ ವರ್ಣಿಸಿ, ಕೊನೆಯಲ್ಲಿ, “ಮಾಮಾ, ನಮ್ಮ ಕಡಿ ಹಂದಿಗಿ ಯಾವ ರೈಫಲ್ ಛಲೋ?” ಎಂದು ಕೇಳಿದ. ಪ್ರಶ್ನೆ ಸಣ್ಣದು; ಉತ್ತರ ಹೇಳಹೊರಟರೆ ಭೂಗೋಳ, ಇತಿಹಾಸ, ಧರ್ಮಶಾಸ್ತ್ರ ಮೂರೂ ಬಂದು ಅಡ್ಡ ನಿಲ್ಲುತ್ತವೆ.

ಮೊದಲು ಹಂದಿಯ ಕಡೆಯಿಂದಲೇ ವಿಚಾರಮಾಡೋಣ. ನಮ್ಮ ಅಡವಿಹಂದಿಯಲ್ಲಿ ನೂರು ಕಿಲೋ ತೂಗುವ ಗಂಡು ಅಪರೂಪವಲ್ಲ. ಅದರ ಭುಜದ ಮೇಲೆ, ಗಂಡುಗಂಡಿನ ಕಾಳಗದಲ್ಲಿ ಕೋರೆಯ ಏಟನ್ನು ತಡೆಯುವುದಕ್ಕೆಂದು ಪ್ರಕೃತಿಯೇ ತೊಡಿಸಿದ ಒಂದು ಗಟ್ಟಿಯಾದ ಕವಚವಿರುತ್ತದೆ. ವಯಸ್ಸಾದಂತೆ ಅದು ಇನ್ನೂ ದಪ್ಪಗಾಗುತ್ತದೆ. ಹೃದಯವಾದರೋ ಎದೆಯ ಬಹಳ ಕೆಳಗೆ, ಮುಂಗಾಲುಗಳ ನಡುವೆ ಹುದುಗಿಕೊಂಡಿದೆ. ಬೆನ್ನಿನುದ್ದಕ್ಕೂ ನಿಮಿರಿನಿಂತ ಜೂಲಿನಿಂದಾಗಿ ಪ್ರಾಣಿ ಇದ್ದುದಕ್ಕಿಂತ ಎತ್ತರವಾಗಿ ಕಾಣುವುದರಿಂದ, ಹೊಸಬನು ಮೈಯ ನಟ್ಟನಡುವೆಯೆಂದು ಭಾವಿಸಿ ಇಟ್ಟ ಗುರಿ ಮೇಲಾಗಿ, ಗಾಯಗೊಂಡ ಹಂದಿ ಕಂಟಿಯನ್ನು ಸೇರುತ್ತದೆ. ಅಲ್ಲಿಂದ ಮುಂದಿನದು ಬೇಟೆಯಲ್ಲ, ವಿಪತ್ತು. ಆದ್ದರಿಂದ ಅಳಿಯನ ಗೆಳೆಯರು ಹೇಳುವ ಮಾತು ಶಾಸ್ತ್ರಸಮ್ಮತವಾಗಿಯೇ ಇದೆ: ಇಡಿಯ ತಾಮ್ರದ ಕವಚವಿರುವ ಸೈನ್ಯದ ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಗೆ ಹೊರಟುಹೋಗುತ್ತದೆ, ಹಂದಿ ಓಡುತ್ತಲೇ ಇರುತ್ತದೆ, ಸೀಸದ ಮೂತಿಯನ್ನು ಬರಿದಾಗಿ ಬಿಟ್ಟ ಮೆತುಗುಂಡಾದರೆ ಒಳಗೆ ಅರಳಿ ತನ್ನ ಶಕ್ತಿಯನ್ನೆಲ್ಲ ಅಲ್ಲಿಯೇ ವ್ಯಯಿಸುತ್ತದೆ. 1906ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ್ದರಿಂದ ‘ತರ್ಟಿ ಆಟ್ ಸಿಕ್ಸ್’ ಎಂದೇ ಹೆಸರಾದ ತೋಟಾದ ಒಂದು ಪ್ರಸಿದ್ಧ ಗುಂಡು 180 ಗ್ರೇನು ತೂಗುತ್ತದೆ. ಬ್ರಿಟಿಷರ ಕಾಲದ ತೂಕದಲ್ಲಿ ಅದು ಸರಿಯಾಗಿ ಒಂದು ತೊಲ. ಒಂದು ತೊಲ ಬಂಗಾರದ ಬೆಲೆಯನ್ನು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ, ಅಷ್ಟೇ ತೂಕದ ಸೀಸವೊಂದು ಸೆಕೆಂಡಿಗೆ 2,700 ಅಡಿಯ ವೇಗದಿಂದ ಹೊರಡುತ್ತದೆಂದರೆ ಅದರ ಭಾರ ಕೂಡಲೇ ತಿಳಿದೀತು.

ಆದರೆ ಹೊರಟ ಗುಂಡು ನಿಲ್ಲುವುದೆಲ್ಲಿ? ಹಂದಿಯನ್ನು ಕುರಿತ ಗ್ರಂಥಗಳೆಲ್ಲ ಗುಂಡು ಹಂದಿಯಲ್ಲಿ ನಿಲ್ಲುತ್ತದೆಂಬ ಭರವಸೆಯ ಮೇಲೆ ಬರೆದವು. ಅಫಜಲಪುರದಿಂದ ಗಾಣಗಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿದವರಿಗೆ ನನ್ನ ಸಂದೇಹದ ಅರ್ಥವಾಗುತ್ತದೆ: ಎತ್ತ ನೋಡಿದತ್ತ ಎರಿಹೊಲ, ನಡುನಡುವೆ ಒಂದು ಬೇವಿನ ಮರ, ಹಳ್ಳದ ಗುಂಟ ಜಾಲಿಕಂಟಿ, ಭೀಮೆಯ ದಂಡೆಯಲ್ಲಿ ಕಬ್ಬು, ಗುಂಡನ್ನು ತಡೆಯತಕ್ಕ ಒಂದು ಗುಡ್ಡವಾಗಲಿ ದಿಬ್ಬವಾಗಲಿ ಹರದಾರಿಗಟ್ಟಲೆ ಇಲ್ಲ. ಮಲೆನಾಡಿನಲ್ಲಿ ತಪ್ಪಿದ ಗುಂಡನ್ನು ಮರವೋ ಬರೆಯೋ ನುಂಗಿಕೊಳ್ಳುತ್ತದೆ. ಇಲ್ಲಿ ಎರಡು ಮೈಲಿಗೂ ಮಿಕ್ಕಿ ಹಾರಬಲ್ಲ ರೈಫಲಿನ ಗುಂಡಿಗೆ ಎದುರಾಗುವುದು ಮುಂದಿನ ಊರೇ. ಅದೂ ಯಾವ ಹೊತ್ತಿನಲ್ಲಿ? ತೊಗರಿಗೆ ಹಂದಿ ಬೀಳುವ ರಾತ್ರಿಗಳಲ್ಲಿ ಎಲ್ಲ ಹೊಲಗಳಲ್ಲಿಯೂ ಮನುಷ್ಯರು ಮಲಗಿರುತ್ತಾರೆ. ಭೀಮೆಯ ದಂಡೆಯ ಊರೊಂದರಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ಒಕ್ಕಲಿಗರೊಬ್ಬರ ಮುಂದೆ ಅಳಿಯನ ಪ್ರಶ್ನೆಯನ್ನಿಟ್ಟಾಗ ಅವರು ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ಹೇಳಿದರು: “ಮಾಸ್ತರ್ರೀ, ಗೋಲಿ ಹಂದಿಗಿ ಬಿದ್ರ ಹಂದಿ ಸಾಯ್ತದ. ಹಂದಿಗಿ ಬೀಳಲಿಲ್ಲಂದ್ರ ಯಾರಿಗಿ ಬೀಳ್ತದ, ಅದೊಂದು ಹೇಳ್ರಿ.” ರೈಫಲುಗಳ ಪಟ್ಟಿಯನ್ನೆಲ್ಲ ಈ ಒಂದು ಮಾತಿನಿಂದ ಅವರು ಬದಿಗೆ ಸರಿಸಿಬಿಟ್ಟರು. ನನಗೂ ಅದೇ ಸರಿಯೆಂದು ತೋರುತ್ತದೆ: ಮಟ್ಟಸವಾದ ನಾಡಿನಲ್ಲಿ ಬಂದೂಕನ್ನು ಆರಿಸತಕ್ಕವನು, ಗುಂಡು ಎಷ್ಟು ದೂರ ಹೋದೀತೆಂದು ಕೇಳುವುದಕ್ಕಿಂತ ಎಷ್ಟು ಬೇಗ ನಿಂತೀತೆಂದು ಕೇಳುವುದು ಲೇಸು.

ಆ ಲೆಕ್ಕದಲ್ಲಿ ಗೆಲ್ಲುವುದು ನುಣುಪು ನಳಿಗೆಯ ಹಳೆಯ ಹನ್ನೆರಡು ಬೋರು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಗುಂಡುಗಳನ್ನು ಎರಕಹೊಯ್ದರೆ ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವುದೋ ಅದು ಹನ್ನೆರಡು ಬೋರು. ಇದರಲ್ಲಿ ಹಾಕುವ ‘ಎಲ್‌ಜಿ’ ತೋಟಾದೊಳಗೆ ಬಟಾಣಿಗಿಂತ ದೊಡ್ಡವಾದ ಆರು ಗುಂಡುಗಳೂ, ‘ಎಸ್‌ಜಿ’ಯೊಳಗೆ ಅವಕ್ಕಿಂತ ಕಿರಿದಾದ ಒಂಬತ್ತೂ ಇರುತ್ತವೆ. ಮೂವತ್ತು ನಲವತ್ತು ಗಜದೊಳಗೆ ಇವುಗಳ ಕೆಲಸವೇನಿದ್ದರೂ ಮುಗಿಯುತ್ತದೆ. ಆಮೇಲೆ ಚದರಿ, ವೇಗಗುಂದಿ, ನೆಲಕ್ಕಿಳಿಯುತ್ತವೆ. ಹಂದಿಯಾದರೂ ತೊಗರಿಸಾಲಿನಲ್ಲಿ ಕಾಣಿಸಿಕೊಳ್ಳುವುದು ಅಷ್ಟೇ ಸಮೀಪದಲ್ಲಿ. ದೂರದರ್ಶಕವನ್ನು ಹೊತ್ತ ರೈಫಲು ಇಲ್ಲಿ ಅನಾವಶ್ಯಕವಾದ ಪಾಂಡಿತ್ಯ.

ಇಷ್ಟಾಗಿಯೂ ನಮ್ಮಲ್ಲಿ ಬಂದೂಕನ್ನು ಆರಿಸಿದವನು ಬೇಟೆಗಾರನಲ್ಲ, ಸರಕಾರ. ಬ್ರಿಟಿಷರು ತಮ್ಮ ಸೈನ್ಯದ .303 ತೋಟಾ ಪ್ರಜೆಗಳ ಕೈಗೆ ದೊರೆಯಬಾರದೆಂದು ನಿರ್ಬಂಧಿಸಿದ್ದರಿಂದ, ಅದರ ಸ್ಥಾನದಲ್ಲಿ .315 ಎಂಬ ಬೇರೊಂದು ಅಳತೆ ಬಳಕೆಗೆ ಬಂದು, ಸ್ವಾತಂತ್ರ್ಯಾನಂತರವೂ ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತ ನಮ್ಮ ದೇಶದ ಶಿಕಾರಿ ರೈಫಲೆಂದರೆ ಅದೇ ಎಂಬಂತಾಯಿತು. 1907ರಲ್ಲಿ ಹಿಂದುಸ್ತಾನಕ್ಕೂ ಸೂಡಾನಿಗೂ .450 ಅಳತೆಯನ್ನು ನಿಷೇಧಿಸಿದ ಮೇಲೆ ಲಂಡನ್ನಿನ ಬಂದೂಕುಗಾರರು .465, .470, .475 ಎಂದು ಕೂದಲೆಳೆಯಷ್ಟು ಹೆಚ್ಚಿನ ಅಳತೆಗಳನ್ನು ಸೃಷ್ಟಿಸಿ ಕಾನೂನಿನ ಸಂದಿಯಲ್ಲಿ ನುಸುಳಿದರು. ಈಗಿನವರು ಅವುಗಳ ಸೂಕ್ಷ್ಮ ತಾರತಮ್ಯವನ್ನು ಶ್ರದ್ಧೆಯಿಂದ ಚರ್ಚಿಸುವಾಗ, ಅವು ಹುಟ್ಟಿದ್ದು ಆನೆಯ ಅಥವಾ ಹಂದಿಯ ಚರ್ಮದ ದಪ್ಪವನ್ನು ನೋಡಿಯಲ್ಲವೆಂಬುದನ್ನು ನೆನೆದು ನನಗೆ ನಗು ಬರುತ್ತದೆ. ಆಯುಧದ ಮೇಲೆ ದೊರೆತನ ಕೈಯಿಟ್ಟಾಗ ನಮ್ಮವರೆಲ್ಲ ನಗುತ್ತ ಕುಳಿತಿದ್ದರೆಂದಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು, ತಮ್ಮ ಬೇಟೆಗೂ ಬದುಕಿಗೂ ಆಧಾರವಾದ ಹತಾರಗಳನ್ನು ಕೊಡುವುದಿಲ್ಲವೆಂದು ಎದುರುನಿಂತು, ಊರಿಗೆ ಊರೇ ಸುಟ್ಟುಹೋಗುವ ಮಟ್ಟಿಗೆ ಕಾದಿದರು. ಆ ಕಥೆ ಲಾವಣಿಯಾಗಿ ಇಂದಿಗೂ ಉಳಿದಿದೆ. ಕೊಡಗಿನವರ ಅದೃಷ್ಟ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿಯುಂಟು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವು ಮುಡಿಸಿ ಪೂಜೆಮಾಡುತ್ತಾರೆ. ನಮ್ಮ ಕಡೆ ಕೋವಿಗೆ ಹೂವಿಲ್ಲ, ಠಾಣೆಯ ರಸೀತಿ ಮಾತ್ರ.

1959ರ ಶಸ್ತ್ರಾಸ್ತ್ರ ಕಾನೂನಿನಲ್ಲಿ ಒಕ್ಕಲಿಗನಿಗೆಂದೇ ಒಂದು ಮಾತಿದೆ. ನಿಜವಾಗಿ ಬೆಳೆಯ ರಕ್ಷಣೆಗಾಗಿ ಬೇಕೆನ್ನುವವನಿಗೆ ಮೂತಿಯಿಂದ ಮದ್ದು ತುಂಬುವ ಬಂದೂಕಿನ ಲೈಸನ್ಸ್ ಕೊಡತಕ್ಕದ್ದೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆಯ ನುಣುಪು ನಳಿಗೆಯ ಬಂದೂಕಿಗೂ ಕೊಡಬಹುದೆಂದೂ ಅದು ವಿಧಿಸುತ್ತದೆ. ಹೀಗೆ ಜಗತ್ತು ಸಾವಿರ ಬಗೆಯ ರೈಫಲುಗಳನ್ನು ನಿರ್ಮಿಸಿಕೊಂಡು ಮುಂದೆ ಹೋದ ಮೇಲೂ, ನಮ್ಮ ಹೊಲದ ಮಂಚಿಕೆಯ ಮೇಲೆ ಉಳಿದುಕೊಂಡದ್ದು ಹಿರಿಯರು ನಿಜಾಮರ ಕಾಲದ ಉರ್ದುವಿನಲ್ಲಿ ‘ಭರಮಾರ’ ಎನ್ನುವ ಕೇಪಿನ ಬಂದೂಕು. ಭೀಮೆಯ ದಂಡೆಯ ಆ ಹಿರಿಯ ಒಕ್ಕಲಿಗರ ಬಂದೂಕನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನಳಿಗೆ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಹಿಡಿಯ ಕಟ್ಟಿಗೆ ಸೀಳಿದ್ದಲ್ಲಿ ತಾಮ್ರದ ತಂತಿ ಸುತ್ತಿದೆ. ಕುದುರೆಯ ಮೂಗು ಸವೆದು ನುಣ್ಣಗಾಗಿದೆ. ಅದಕ್ಕೆ ಬಾರು ಮಾಡುವುದನ್ನು ನೋಡುವುದೇ ಒಂದು ತಾಳ್ಮೆಯ ಶಿಕ್ಷಣ. ಮೊದಲು ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ಅಳತೆಯ ಸಣ್ಣ ಡಬ್ಬಿಯಿಂದ ಕರಿಮದ್ದನ್ನು ಮೂತಿಯೊಳಗೆ ಸುರಿದು, ನಳಿಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಮದ್ದನ್ನು ಕೆಳಗಿಳಿಸಿ, ಹಳೆಯ ಧೋತರದ ಚಿಂದಿಯನ್ನು ಉಂಡೆಮಾಡಿ ಗಜದಿಂದ ಜಡಿಯುತ್ತಾರೆ. ಜಡಿದದ್ದು ಸಾಕಾಯಿತೆಂಬುದನ್ನು ಗಜ ಹಿಂದಕ್ಕೆ ಪುಟಿಯುವ ಸದ್ದಿನಿಂದಲೇ ತಿಳಿಯುತ್ತಾರೆ. ಆಮೇಲೆ ಚರೆ ಹಾಕುವವರು ಚರೆ ಹಾಕಿ, ಅದರ ಮೇಲೆ ಇನ್ನೊಂದು ಚಿಂದಿಯನ್ನು ತುರುಕುತ್ತಾರೆ. ಕೊನೆಯಲ್ಲಿ, ಕಡಲೆಕಾಳಿಗಿಂತ ಚಿಕ್ಕದಾದ ತಾಮ್ರದ ಕೇಪನ್ನು ಮೊಲೆಯ ಮೇಲೆ ಕೂರಿಸಿ ಕುದುರೆಯನ್ನು ಮೆಲ್ಲಗೆ ಇಳಿಸುವಾಗ ಅವರು ಉಸಿರು ಬಿಗಿಹಿಡಿದಿರುತ್ತಾರೆ. ಇಷ್ಟು ಮುಗಿಯುವಷ್ಟರಲ್ಲಿ ಹಂದಿ ಅರ್ಧ ಸಾಲು ಶೇಂಗಾ ಅಗೆದಿರುತ್ತದೆ. ಒಂದು ಬಾರು ಹಾರಿದರೆ ಎರಡನೆಯದಕ್ಕೆ ಮತ್ತೆ ಮೊದಲಿನಿಂದ. ಮಳೆ ಹನಿದರೆ ಅದೂ ಇಲ್ಲ.

ಇದರ ಮೇಲೆ ಇನ್ನೊಂದು ಧರ್ಮಸೂಕ್ಷ್ಮವಿದೆ. ಬಂದೂಕು ಇಟ್ಟುಕೊಳ್ಳಲು ಒಂದು ಕಾನೂನು ಅಪ್ಪಣೆಕೊಟ್ಟರೆ, ಅದನ್ನು ಹಂದಿಯ ಕಡೆಗೆ ತಿರುಗಿಸಲು ಇನ್ನೊಂದು ಕಾನೂನಿನ ಅಪ್ಪಣೆ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಹಂದಿ ಮೂರನೆಯ ಅನುಸೂಚಿಯಲ್ಲಿತ್ತು; 2022ರ ತಿದ್ದುಪಡಿಯಿಂದ ಎರಡನೆಯದಕ್ಕೆ ಬಡ್ತಿ ಪಡೆಯಿತು. ನಿಂತ ಬೆಳೆಗೆ ಅಪಾಯವಾಗಿದೆಯೆಂದು ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದವರೋ ಲಿಖಿತ ಅನುಮತಿ ಕೊಟ್ಟಲ್ಲದೆ ಹೊಡೆಯುವಂತಿಲ್ಲ. ಕೇರಳದವರು 2022ರಲ್ಲಿ ಆ ಅಧಿಕಾರವನ್ನು ಪಂಚಾಯತಿಯ ಅಧ್ಯಕ್ಷರವರೆಗೆ ಇಳಿಸಿಕೊಂಡರು. ಅಂಥ ಅಧಿಕಾರ ಸಮೀಪದಲ್ಲಿಲ್ಲದ ಕಡೆ, ಅರ್ಜಿ ತಾಲ್ಲೂಕು ಮುಟ್ಟುವಷ್ಟರಲ್ಲಿ ಹಂದಿ ಮುಂದಿನ ಊರಿನ ಸರಹದ್ದಿನಲ್ಲಿರುತ್ತದೆ. ಇನ್ನು ಚುನಾವಣೆ ಬಂತೆಂದರೆ, ಲೋಕಸಭೆಯದಾಗಲಿ ವಿಧಾನಸಭೆಯದಾಗಲಿ, ಲೈಸನ್ಸಿನ ಬಂದೂಕುಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನೀತಿಸಂಹಿತೆ ಹಂದಿಗಳಿಗೆ ಅನ್ವಯಿಸುವುದಿಲ್ಲವೆಂಬುದು ಆ ದಿನಗಳಲ್ಲಿ ಹೊಲ ಕಾಯುವವರಿಗೆಲ್ಲ ತಿಳಿಯುತ್ತದೆ.

ಆಳುವವರೇ ಹಂದಿಯ ಬೆನ್ನಟ್ಟಿದ ಕಾಲದಲ್ಲಿ ಆಯುಧದ ಆಯ್ಕೆ ಪ್ರತಿಷ್ಠೆಯ ಪ್ರಶ್ನೆಯಾಗಿತ್ತು. ಕುದುರೆಯ ಮೇಲೆ ಕುಳಿತು ಭರ್ಚಿಯಿಂದ ಇರಿಯುವುದೇ ಹಂದಿಗೆ ಸಲ್ಲಿಸತಕ್ಕ ಮರ್ಯಾದೆಯೆಂದೂ, ಕುದುರೆ ಓಡಿಸಬಹುದಾದ ಬಯಲಿನಲ್ಲಿ ಅದನ್ನು ಗುಂಡಿಟ್ಟು ಕೊಲ್ಲುವವನು ಸಭ್ಯನಲ್ಲವೆಂದೂ ಬ್ರಿಟಿಷ್ ಅಧಿಕಾರಿಗಳು ನಂಬಿದ್ದರು. ಸ್ಕೌಟ್ ಚಳವಳಿಯ ಸ್ಥಾಪಕನಾದ ಬೇಡನ್ ಪೊವೆಲ್ 1883ರಲ್ಲಿ ಈ ಆಟದ ಕದೀರ್ ಕಪ್ಪನ್ನು ಗೆದ್ದು, 1889ರಲ್ಲಿ ಅದರ ಮೇಲೊಂದು ಗ್ರಂಥವನ್ನೇ ಬರೆದ. ಕಲ್ಯಾಣದ ಚಾಲುಕ್ಯರಾದರೋ ವರಾಹವನ್ನು ಲಾಂಛನದಲ್ಲಿಟ್ಟು ಪೂಜಿಸಿದವರು. ಅದೇ ವಂಶದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವನ್ನೂ ಹಂದಿಯ ಮಾಂಸವನ್ನು ಪಾಕಗೊಳಿಸುವ ಕ್ರಮವನ್ನೂ ಒಂದೇ ಆಸಕ್ತಿಯಿಂದ ವರ್ಣಿಸಿದ್ದಾನೆ. ಲಾಂಛನಕ್ಕೂ ಊಟಕ್ಕೂ ಅವನು ಗಂಟುಹಾಕಲಿಲ್ಲ. ಆದರೆ ಹಂದಿಗೆ ತಕ್ಕ ಆಯುಧ ಯಾವುದೆಂಬುದಕ್ಕೆ ಕನ್ನಡದಲ್ಲಿ ನನಗೆ ತಿಳಿದ ಅತ್ಯಂತ ಗಂಭೀರವಾದ ಉತ್ತರ ಇರುವುದು ಕ್ರಿ.ಶ. 949-50ರ ಆತಕೂರಿನ ಶಾಸನದಲ್ಲಿ. ನಮ್ಮ ಜಿಲ್ಲೆಯ ಮಳಖೇಡವೇ ರಾಜಧಾನಿಯಾಗಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದುದನ್ನು ಬೇಡಿಕೊಳ್ಳೆಂದು ಗಂಗ ಬೂತುಗನು ಹೇಳಲು, ಆ ವೀರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಅರಸನ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರನು ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಚೋಳಮಂಡಲದ ಸೋಲೂ ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಇವೆ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ಹಂದಿಯ ಕೋರೆಯನ್ನೂ ನಾಯಿಯ ಹಿಡಿತವನ್ನೂ ಶಿಲ್ಪಿ ಎಷ್ಟು ಆಪ್ತವಾಗಿ ಕಂಡಿದ್ದನೆಂಬುದನ್ನು ಅಲ್ಲಿ ನೋಡಿಯೇ ತಿಳಿಯಬೇಕು.

ಇಂದು ನಾಯಿಯನ್ನು ಬಿಡುವುದೂ ಅಪರಾಧವೇ. ಆದ್ದರಿಂದ ಹೊಲದವರು ಬೇರೆಯ ಆಯುಧಗಳನ್ನು ಹುಡುಕಿಕೊಂಡಿದ್ದಾರೆ. ಬದುವಿನ ಗುಂಟ ಹಳೆಯ ಸೀರೆಗಳನ್ನು ಕಟ್ಟುವುದು ಎಲ್ಲಕ್ಕೂ ಸುಲಭವಾದದ್ದು. ರಾತ್ರಿಯ ಗಾಳಿಗೆ ಬಣ್ಣಬಣ್ಣದ ಸೆರಗು ಅಲುಗಿದರೆ ಹಂದಿ ಕೆಲವು ದಿನ ಹಿಂಜರಿಯುತ್ತದೆ. ಕ್ಷೌರದಂಗಡಿಯ ಕೂದಲನ್ನು ತಂದು ಉದುರಿಸುವವರುಂಟು. ಮೂತಿಯಿಂದ ನೆಲವನ್ನು ಮೂಸುತ್ತ ಬರುವ ಪ್ರಾಣಿಗೆ ಕೂದಲು ಮೂಗಿಗೆ ಹತ್ತಿ ಹೈರಾಣಾಗುತ್ತದೆಂದು ಅವರ ನಂಬಿಕೆ. ಡಬ್ಬಿ ಬಾರಿಸುವುದು, ಪಟಾಕಿ ಹಾರಿಸುವುದು, ಪೈಪಿನೊಳಗೆ ಕಾರ್ಬೈಡು ಹಾಕಿ ಸದ್ದು ಮಾಡುವುದು ಎಲ್ಲವೂ ನಡೆಯುತ್ತವೆ. ತಿನಿಸಿನ ಉಂಡೆಯೊಳಗೆ ಸಿಡಿಮದ್ದನ್ನಿಡುವವರನ್ನೂ, ಕಂಬದ ಕರೆಂಟನ್ನೇ ಬೇಲಿಯ ತಂತಿಗೆ ಕೊಡುವವರನ್ನೂ ಮಾತ್ರ ನಾನು ಕ್ಷಮಿಸಲಾರೆ: ಮೊದಲನೆಯದು ಆಕಳಿನ ದವಡೆಯನ್ನು ಒಡೆಯುತ್ತದೆ, ಎರಡನೆಯದು ಬೆಳಗಿನ ಜಾವ ನೀರು ಬಿಡಲು ಬಂದ ಮನುಷ್ಯನನ್ನೇ ಕೊಲ್ಲುತ್ತದೆ. ಹಾಗೆಂದು ಅವರ ಸಂಕಟ ಸುಳ್ಳಲ್ಲ. ಸೊನ್ನದ ಬ್ಯಾರೇಜಿನ ನೀರೂ ಹವಳಗಾ, ಭೂಸನೂರುಗಳ ಸಕ್ಕರೆ ಕಾರ್ಖಾನೆಗಳೂ ಬಂದ ಮೇಲೆ ಕಬ್ಬು ವರ್ಷವಿಡೀ ನಿಂತಿರುತ್ತದೆ. ಹಂದಿಗೆ ಅದು ಮನೆಯೂ ಹೌದು, ಅನ್ನಛತ್ರವೂ ಹೌದು. ಹಂದಿ ಬಿದ್ದ ಕಬ್ಬಿನೊಳಗೆ ಬೆಳಿಗ್ಗೆ ಹೋಗಿ ನೋಡಿದರೆ, ಬುಡದ ಗಣಿಕೆಯನ್ನು ಕಚ್ಚಿ ರಸ ಹೀರಿ ಉಗುಳಿದ ಸಿಪ್ಪೆಯ ಉಂಡೆಗಳು ಸಾಲುಸಾಲಾಗಿ ಬಿದ್ದಿರುತ್ತವೆ. ಹಸಿಯ ಎರಿಮಣ್ಣಿನಲ್ಲಿ ಎರಡು ಗೊರಸಿನ ಹಿಂದೆ ಎರಡು ಮೊಣಕುಗೊರಸಿನ ಗುರುತು ಮೂಡಿರುತ್ತದೆ, ಅದರ ಪಕ್ಕದಲ್ಲಿ ಮರಿಗಳ ಬೆರಳಗಲದ ಹೆಜ್ಜೆಗಳು ಮುಗಿಯದೆ ಹರಡಿಕೊಂಡಿರುತ್ತವೆ. ತಿಂದದ್ದು ಸ್ವಲ್ಪ, ಕೆಡವಿದ್ದೇ ಬಹಳ.

ನಮ್ಮ ಒಕ್ಕಲಿಗರು ತಮ್ಮ ಭರಮಾರದಲ್ಲಿ ಚರೆಯನ್ನು ಹಾಕುವುದಿಲ್ಲ. ಮದ್ದು, ಚಿಂದಿ, ಕೇಪು ಅಷ್ಟೆ. ಆಕಾಶಕ್ಕೆ ಮೂತಿಯಿಟ್ಟು ರಾತ್ರಿಗೊಂದು ಬಾರು ಹಾರಿಸಿ, ಸುತ್ತಣ ನಾಲ್ಕು ಹೊಲದವರು ಎಚ್ಚರವಾಗಿ ಕೂಗುಹಾಕುವಂತೆ ಮಾಡಿ, ಮತ್ತೆ ಕಂಬಳಿ ಹೊದೆಯುತ್ತಾರೆ. ಹಂದಿ ಓಡುತ್ತದೆ, ಎಲ್ಲಿಗೆ ಓಡಿತೆಂಬುದು ಪಕ್ಕದ ಹೊಲದವರ ಪ್ರಶ್ನೆ. ಈಗ ಅವರಿಗೆ ಎಪ್ಪತ್ತು ದಾಟಿದೆ. 2016ರ ನಿಯಮಗಳ ಪ್ರಕಾರ ಎಪ್ಪತ್ತು ತುಂಬಿದ ಲೈಸನ್ಸುದಾರನು ತನ್ನ ಬಂದೂಕನ್ನು ವಾರಸುದಾರನ ಹೆಸರಿಗೆ ಮಾಡಿಸಬಹುದು. ಅದಕ್ಕೆ ಬೇಕಾದ ಅರ್ಜಿಯನ್ನು ಹಿಡಿದುಕೊಂಡು ತಂದೆಯೂ ಮಗನೂ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಮಗನಿಗೆ ಮನಸ್ಸಿಲ್ಲ.

“ಅಪ್ಪಾ, ಬಂದೂಕಕ್ಕ ನನ್ನ ಹೆಸರು ಹಚ್ಚಬ್ಯಾಡ. ಠಾಣಾಕ್ಕ ತಿರಗಾಡಾಕ ನನಗ ಆಗಲ್ಲ. ಆ ರೊಕ್ಕದಾಗ ಸೋಲಾರದ ಝಟಕಾ ಮಶೀನ್ ತರಮು, ನಾಕೂ ದಂಡಿಗಿ ತಂತಿ ಎಳದ್ರ ಮುಗೀತು,” ಎಂದ.

“ಝಟಕಾ ತರು, ಯಾರು ಬ್ಯಾಡಂದ್ರು?” ಎಂದರು ಮುದುಕರು. “ಅದು ಹಂದಿಗಿ ಹೆದರಸ್ತದ, ಖರೆ. ಹಂದಿಗಿ ಬೈತದೇನು?”

ಮಗ ನನ್ನ ಕಡೆಗೆ ನೋಡಿದ. ನಾನು ಕನ್ನಡಕ ಹಾಕಿಕೊಂಡು, ಆಯುಧದ ವಿವರವೆಂಬ ಜಾಗದಲ್ಲಿ ‘ಮೂತಿಯಿಂದ ತುಂಬುವ ಒಂಟಿನಳಿಗೆಯ ಬಂದೂಕು’ ಎಂದೂ, ಉದ್ದೇಶವೆಂಬಲ್ಲಿ ‘ಬೆಳೆ ರಕ್ಷಣೆ’ ಎಂದೂ ಬರೆದು, ಸಹಿಯ ಜಾಗವನ್ನು ಖಾಲಿ ಬಿಟ್ಟು ಅರ್ಜಿಯನ್ನು ಅವನ ಕೈಗೆ ಕೊಟ್ಟೆ.